ಇನ್ನೂರೈವತ್ತು ಪದಗಳೊಳಗೆ

ಕಾನೂನಿನ ಪರಿವರ್ತನಾ ಕೋರ್ಸು ಶುರುವಾಗುವುದು ಸೆಪ್ಟೆಂಬರಿಗೆ.
ಟ್ರೈನಿ ಸಾಲಿಸಿಟರ್ ಅರ್ಜಿಗೆ ಕೊನೆಯ ದಿನ ಜುಲೈ ಮೂವತ್ತೊಂದು.
ಕೆಲಸ ಸಿಕ್ಕರೂ ಅದು ಎರಡು ವರ್ಷದ ಮೇಲೆ.
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ,
ಇಲ್ಲಿ ಮದುವೆಯೇ ಆಗಿಲ್ಲ,
ತಲೆಯ ಸುತ್ತಳತೆ ಕೇಳುತ್ತಿದ್ದಾರೆ.

ಹಲ್ ಬಂದರಿನ ಹಿಂದಿನ ಬೀದಿ, ಮೀನಿನಂಗಡಿಯ ಮೇಲೊಂದು ಕೋಣೆ.
ಕಿಟಕಿ ತೆರೆದರೆ ಹ್ಯಾಡಕ್, ಮುಚ್ಚಿದರೆ ಸೆಕೆ.
ಹೆಸರು: ಹೆಸ್ಟರ್ ಬ್ಲೆಂಕಿನ್.
ಪದವಿ: ಭೂವಿಜ್ಞಾನ.
ಕಾನೂನಿನಲ್ಲಿ ಪಡೆದ ಅಂಕ:
ಪಕ್ಕದಲ್ಲಿ ಕೆಂಪು ನಕ್ಷತ್ರ, ತುಂಬದೆ ಮುಂದೆ ಹೋಗುವಂತಿಲ್ಲ.
ಸೊನ್ನೆ ಬರೆದರೆ ನಾಪಾಸು.
ಗೀಟು ಎಳೆದರೆ ಯಂತ್ರ ಗದರುತ್ತದೆ.
ಕೆಳಗೆ, ಎಲ್ಲಕ್ಕಿಂತ ಕೆಳಗೆ, 'ನಿರೀಕ್ಷಿತ' ಎಂಬ ಪುಟ್ಟ ಚೌಕ.
ಇನ್ನೂ ಕೇಳದ ಪಾಠಕ್ಕೆ, ನೋಡದ ಮೇಷ್ಟರ ಪರವಾಗಿ
ನನಗೆ ನಾನೇ ಅರವತ್ತೆಂಟು ಕೊಟ್ಟುಕೊಂಡೆ.
ಆಮೇಲೆ ಅರವತ್ತಾರು ಮಾಡಿದೆ.
ಜಂಬ ಅನ್ನಿಸಬಾರದು.

ನಾಲ್ಕನೆಯ ಪ್ರಶ್ನೆ: ವಕೀಲಿಕೆಯೇ ಏಕೆ?
ಇನ್ನೂರೈವತ್ತು ಪದ ಮೀರಬಾರದು.

ಹದಿನಾರು ಸಂಸ್ಥೆಗಳಿಗೆ ಬರೆದದ್ದು ಒಂದೇ ಉತ್ತರ:
ವಾಣಿಜ್ಯದ ಅರಿವು, ಗ್ರಾಹಕರಲ್ಲಿ ಕಾಳಜಿ, ತಂಡದಲ್ಲಿ ಬೆರೆಯುವ ಗುಣ.
ಹೆಸರು ಬದಲಿಸುವ ಅವಸರದಲ್ಲಿ
ಲೀಡ್ಸಿನವರಿಗೆ ಮೀಸಲಾದ ಹೊಗಳಿಕೆ ಶೆಫೀಲ್ಡಿಗೆ ಹೋಯಿತು.
ಶೆಫೀಲ್ಡಿನವರು ಬೇಸರಿಸಲಿಲ್ಲ.
ಓದಿದ್ದರೆ ತಾನೆ.

ಹದಿನೇಳನೆಯದಕ್ಕೆ, ರಾತ್ರಿ ಹತ್ತರ ಮೇಲೆ,
ಯಾಕೋ ನಿಜ ಬರೆಯತೊಡಗಿದೆ.

ಮರದ ಅಡ್ಡೆಯಲ್ಲಿ ಅಪ್ಪನ ಕೈ ಮೇಲೆ ಫೋರ್ಕ್‌ಲಿಫ್ಟು ಇಳಿದು
ಮೂರು ಬೆರಳು ಹೋದವು. ನನಗಾಗ ಹದಿನಾಲ್ಕು.
ಕಂಪನಿಯಿಂದ ದಪ್ಪ ಕಾಗದದ ಪತ್ರ ಬಂತು,
ತಲೆಯ ಮೇಲೆ ದಪ್ಪಕ್ಷರ: 'ವಿತೌಟ್ ಪ್ರೆಜುಡೀಸ್'.
ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿ,
'ನೋಡು, ನಮ್ಮ ಮೇಲೆ ಅವರಿಗೆ ಕಹಿಯೇನೂ ಇಲ್ಲವಂತೆ' ಅಂದ.
ಅಮ್ಮನಿಗೆ ಎಷ್ಟು ಹಗುರಾಯಿತೆಂದರೆ
ಮಂಗಳವಾರದ ದಿನ ಕೇಕು ಮಾಡಿದಳು.
ಬಾರದ ಎಡಗೈಯಲ್ಲಿ ಅಪ್ಪ ಸಹಿ ಹಾಕಿದ,
ಮಗುವಿನ ಬರಹದಂತೆ ಸೊಟ್ಟಗೆ, ನಗುತ್ತಾ.

ನಾವು ಕೊಡುತ್ತೇವೆಂದ ಮಾತನ್ನು
ನೀವು ಕೋರ್ಟಿನಲ್ಲಿ ಎತ್ತುವಂತಿಲ್ಲ:
ಆ ಎರಡು ಪದದ ಅರ್ಥ ಇಷ್ಟೇ ಎಂದು
ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ.
ಅಪ್ಪನಿಗೆ ಹೇಳಿಲ್ಲ.
ಅವನ ಪಾಲಿಗೆ ಅವರು ಇವತ್ತಿಗೂ ಒಳ್ಳೆಯ ಜನ.

ಎಣಿಸಿದರೆ ಇನ್ನೂರ ಅರವತ್ತಮೂರು.
ಹದಿಮೂರು ಪದ ಕಡಿಯಬೇಕು.
ಬೆರಳು ಮೂರು ಅನ್ನುವುದು ಉಳಿಯಲಿ,
ಯಾವ ಕೈ ಅನ್ನುವುದು ಹೋಗಲಿ.
ಕನ್ನಡಕ ಹೋಗಲಿ.
ಮಂಗಳವಾರ ಹೋಗಲಿ.
ಕೇಕಿನ ಮುಂದೆ ಬಹಳ ಹೊತ್ತು ಕೂತಿದ್ದೆ,
ಕೊನೆಗೆ ಅದನ್ನೂ ಅಳಿಸಿದೆ.

ಹನ್ನೊಂದು ಐವತ್ತೆರಡಕ್ಕೆ ಕಳಿಸಿದೆ.
ಹನ್ನೊಂದು ಐವತ್ತೆರಡಕ್ಕೇ ಉತ್ತರ ಬಂತು:
ತಮ್ಮ ಆಸಕ್ತಿಗೆ ವಂದನೆಗಳು, ಈ ವಿಳಾಸಕ್ಕೆ ಉತ್ತರಿಸಬೇಡಿ.

ಆಗಸ್ಟ್ ಇಡೀ ಯಾರದೂ ಸೊಲ್ಲಿಲ್ಲ.
ದಾನದ ಅಂಗಡಿಯಲ್ಲಿ ಎರಡು ಪೌಂಡಿಗೆ
ಯಾರೋ ಹಸಿರು ಗೆರೆ ಎಳೆದಿಟ್ಟ ಒಪ್ಪಂದದ ಪುಸ್ತಕ ಸಿಕ್ಕಿತು.
ಪಾಠಕ್ಕಿಂತ ಮೊದಲೇ ಓದುತ್ತಿದ್ದೇನೆ,
ಅರವತ್ತಾರರ ಸಾಲ ತೀರಿಸಬೇಕಲ್ಲ.
ಅದರಲ್ಲೊಂದು ಹಳೆಯ ವ್ಯಾಜ್ಯ:
ಮಾವ ಸೋದರಳಿಯನಿಗೆ ಬರೆಯುತ್ತಾನೆ,
ನಿನ್ನಿಂದ ಉತ್ತರ ಬಾರದಿದ್ದರೆ ಕುದುರೆ ನನ್ನದೆಂದು ತಿಳಿಯುತ್ತೇನೆ.
ಅಳಿಯ ಉತ್ತರಿಸಲಿಲ್ಲ.
ಮೌನವೇ ಸಮ್ಮತಿ ಎಂದು ನಾನೂ ನಂಬಿದ್ದೆ.
ಅಲ್ಲವೆಂದರು ನ್ಯಾಯಾಧೀಶರು,
ಸುಮ್ಮನಿದ್ದವನ ಕುದುರೆ ಸುಮ್ಮನಿದ್ದವನದೇ.

ಹದಿನೇಳು ಸಂಸ್ಥೆಗಳು ಸುಮ್ಮನಿವೆ.
ಪುಸ್ತಕ ಮುಚ್ಚಿ ದೀಪ ಆರಿಸಿದೆ.
ಐದಕ್ಕೆ ಎದ್ದು ಕೆಳಗೆ ಮೀನಿನ ಪೆಟ್ಟಿಗೆ ಇಳಿಸಬೇಕು.
ಕುದುರೆ ಇನ್ನೂ ನನ್ನದೇ.
ಮೇವು ಹಾಕಬೇಕಾದವಳೂ ನಾನೇ.